ಅವ್ವ ‘ಸಾಕು’ ಅನ್ನಲಿಲ್ಲ

ನಮ್ಮ ಮನೆಯ ಒಲೆಯ ಬಲಕ್ಕೆ ಒಂದು ಇಟ್ಟಿಗೆ ಇರುತ್ತಿತ್ತು. ಅದು ಗೋಡೆಯದಲ್ಲ, ಒಲೆಯದೂ ಅಲ್ಲ, ಅವ್ವನ ಮೊಣಕಾಲಿನದು. ಮೂಲೆಗಳು ಸವೆದು ದುಂಡಗಾಗಿ, ಹೊಗೆ ಕುಡಿದು ಕಪ್ಪಾಗಿದ್ದ ಆ ಇಟ್ಟಿಗೆಯನ್ನು ಕೆಂಡದ ಮೇಲಿಟ್ಟು, ಕಾದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಅವ್ವನ ಕಾಲು ಕಾಸುವುದು ನನ್ನ ಕೆಲಸ. ಅಪ್ಪ ಪೇಪರ್ ಮಿಲ್ಲಿನಲ್ಲಿ ಪಾಳಿಯ ಮೇಲೆ ಇರುತ್ತಿದ್ದ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಕಣ್ಣು ಮಂಜಾಗಿ ಮಂಚ ಹಿಡಿದಿದ್ದಳು. ಉಳಿದವಳು ನಾನೊಬ್ಬಳೇ, ತಡವಾಗಿ ಹುಟ್ಟಿದ ಹರಕೆಯ ಕೂಸು. ನಾಲ್ಕು ಗಂಟೆಗೆ ಶಾಲೆಯಿಂದ ಬಂದು ಪಾಟಿಚೀಲ ಮೂಲೆಗೆ ಒಗೆದು ಊದುಗೊಳವೆ ಹಿಡಿದು ಕೂತರೆ, ನನಗಿಂತ ದೊಡ್ಡ ಡಾಕ್ಟರು ಇಡೀ ದಾಂಡೇಲಿಯಲ್ಲಿ ಇಲ್ಲ ಎಂಬ ಗತ್ತು ನನ್ನದು. ಹನ್ನೊಂದು ವರ್ಷದ ಹುಡುಗಿಯ ಗತ್ತು, ಬಿಡಿ. ಆದರೆ ಕಾಸುವುದಕ್ಕೆ ಒಂದು ನೇಮವಿತ್ತು. ಬಿಸಿ ಎಷ್ಟಾಯಿತೆಂದು ಕಾಸುವವರಿಗೆ ಗೊತ್ತಾಗುವುದಿಲ್ಲ, ಕಾಸಿಸಿಕೊಳ್ಳುವವರು ಹೇಳಬೇಕು. ಅವರು ‘ಸಾಕು’ ಅಂದರೆ ತೆಗೆಯಬೇಕು, ಅನ್ನುವ ತನಕ ತೆಗೆಯಬಾರದು. ನಡುವೆ ತೆಗೆದರೆ ವಾಯು ಅರ್ಧ ದಾರಿಯಲ್ಲಿ ನಿಂತು ಅಲ್ಲೇ ಮನೆ ಮಾಡುತ್ತದೆ. ಇದು ಆಯಿಯ ಶಾಸ್ತ್ರ, ಮತ್ತು ನಮ್ಮ ಮನೆಯಲ್ಲಿ ಆಯಿಯ ಶಾಸ್ತ್ರಕ್ಕೆ ಎದುರು ಮಾತಿರಲಿಲ್ಲ.

ಚಾಳಿನ ಮನೆ. ಮುಂದೆ ಆಯಿಯ ಮಂಚ ಹಿಡಿಸುವಷ್ಟು ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ಬಚ್ಚಲು, ಬಚ್ಚಲ ಬಾಗಿಲಿನಿಂದ ಹಿತ್ತಲಿಗೆ ಎರಡು ಮೆಟ್ಟಿಲು. ಎರಡೇ ಎರಡು. ಬೇರೆಯವರ ಮನೆಯಲ್ಲಿ ಹೊತ್ತು ನೋಡಲು ಗಡಿಯಾರ ಇರುತ್ತಿತ್ತು. ನಮ್ಮಲ್ಲಿ ಮಿಲ್ಲಿನ ಭೋಂಗಾ ಮತ್ತು ಆ ಎರಡು ಮೆಟ್ಟಿಲು. ಭೋಂಗಾ ಕೂಗಿದರೆ ಅಪ್ಪ ಹೊರಟ ಎಂದು ಅರ್ಥ. ಮೆಟ್ಟಿಲ ಮೇಲೆ ‘ಶಿವನ, ಶಿವನ’ ಎಂಬ ದನಿ ಕೇಳಿದರೆ ಅವ್ವ ನೀರು ತರಲು ಇಳಿಯುತ್ತಿದ್ದಾಳೆ ಎಂದು ಅರ್ಥ. ಮೊದಲು ಅವಳು ಒಂದು ಶಿವನಿಗೆ ಒಂದು ಮೆಟ್ಟಿಲು ಇಳಿಯುತ್ತಿದ್ದಳು. ನಾನು ನಾಲ್ಕನೇ ಇಯತ್ತೆಗೆ ಬರುವ ಹೊತ್ತಿಗೆ ಮೆಟ್ಟಿಲಿಗೆ ಎರಡು ಶಿವ ಬೇಕಾದವು. ಆಮೇಲೆ ಲೆಕ್ಕ ಬಿಟ್ಟೆ. ನಾನೇ ನೀರು ತರತೊಡಗಿದೆ.

ಜೋಳದ ರೊಟ್ಟಿ ಬಡಿಯಲು ಅವ್ವ ಬಲಗಾಲು ಮಡಚಿ ಎಡಗಾಲು ಮುಂದೆ ಚಾಚಿ ಕೂರುತ್ತಿದ್ದಳು. ಕೂರುವುದು ಸಸಾರ, ಏಳುವುದೇ ಸಾಹಸ. ಒಂದು ಕೈ ಬೀಸುವ ಕಲ್ಲಿನ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಮೊಣಕಾಲೊಳಗಿಂದ ಕಟಕಟ ಸದ್ದು ಬರುತ್ತಿತ್ತು. ‘ಅವ್ವಾ, ಮಣಕಾಲಾಗ ಚುರಮುರಿ ಹುರೀತಿಯೇನ?’ ಎಂದು ನಾನು ಚೇಷ್ಟೆ ಮಾಡಿದರೆ ನೋವಿನಲ್ಲೂ ನಗುತ್ತಿದ್ದಳು. ಎಲ್ಲಕ್ಕಿಂತ ಕಷ್ಟ ಅವಳಿಗೆ ಬೆಳಗಿನ ಲಿಂಗಪೂಜೆ. ಒಂದು ದಿನ ನೆಲಕ್ಕೆ ಕೂರಲಾರದೆ ಅಪ್ಪನ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಹಿಡಿದಳು. ಆಯಿಗೆ ಕಣ್ಣು ಮಂಜು, ಕಿವಿ ಚುರುಕು. ಕುರ್ಚಿ ಕಿರ್ ಅಂದದ್ದೇ ತಡ, ಶುರುವಾಯಿತು.

‘ಕುರ್ಚಿ ಮ್ಯಾಲ ಕುಂತು ಪೂಜಿ ಮಾಡ್ತಾರೇನ ಯಾರರ? ಶಿವಾ ಏನ ನಿನ್ನ ಆಫೀಸಿನ ಸಿಪಾಯಿ ಏನ?’

‘ಅತ್ತಿ, ಕುಂತ್ರ ಏಳಾಕ ಬರವಲ್ದರಿ. ಶಿವಗ ಗೊತ್ತೈತ್ರಿ ನನ್ನ ಮಣಕಾಲ.’

‘ನಾ ಎಂಟ ಹಡದೇನಿ. ನನಗಿಲ್ಲದ ಮಣಕಾಲ ನಿನಗೆಲ್ಲಿಂದ ಬಂತು?’

ಅವ್ವ ಮರುದಿನದಿಂದ ಮತ್ತೆ ನೆಲಕ್ಕೇ ಕೂತಳು. ಪೂಜೆ ಮುಗಿದ ಮೇಲೆ ಕೂತಲ್ಲೇ ಇರುತ್ತಿದ್ದಳು, ನಾನು ಎಬ್ಬಿಸುವ ತನಕ.

ಎದ್ದು ಓಡಾಡಲಾರದವಳು ಕೂತೇ ಕೆಲಸ ಮಾಡಿದಳು, ಕೂತೇ ದಪ್ಪಗಾದಳು. ದಪ್ಪಗಾದಂತೆ ಮೊಣಕಾಲು ಇನ್ನಷ್ಟು ಕೂಗಿದವು. ಅಷ್ಟರಲ್ಲಿ ಬಾಯಾರಿಕೆ ಹಿಡಿಯಿತು. ಕೊಡ ಖಾಲಿ ಮಾಡುವಂಥ ಬಾಯಾರಿಕೆ, ಕುಡಿದದ್ದೆಲ್ಲ ಗಳಿಗೆಗೊಮ್ಮೆ ಹೊರಗೆ. ಅಪ್ಪ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಮೂತ್ರ ನೋಡಿ, ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಬರೆದು ತೂಕ ಇಳಿಸಲು ಹೇಳಿದರು. ಅಪ್ಪನ ಬೆನ್ನ ಹಿಂದೆ ನಿಂತು ನಾನು ಕೇಳಿಸಿಕೊಂಡ ಮಾತುಗಳು ಇವು.

‘ದಿನಾ ಮುಂಜಾನೆ ನಡೀಬೇಕ್ರಿ ನೀವು. ನಡದ್ರ ಸಕ್ಕರಿ ಇಳೀತೈತಿ.’

‘ನಡೀಲಾಕ ಮಣಕಾಲ ಬೇಕಲ್ರಿ ಡಾಕ್ಟರ.’

‘ತೂಕ ಇಳಿದ್ರ ಮಣಕಾಲ ನೋವೂ ಇಳೀತೈತ್ರಿ.’

‘ಹಂಗಂದ್ರ, ಹುಚ್ಚು ಬಿಟ್ಟ ಹೊರತು ಮದುವಿ ಆಗೂದಿಲ್ಲ, ಮದುವಿ ಆದ ಹೊರತು ಹುಚ್ಚು ಬಿಡೂದಿಲ್ಲ ಅಂದಂಗಾತಲ್ರಿ?’

ಡಾಕ್ಟರು ನಕ್ಕರು, ಅಪ್ಪ ನಕ್ಕ, ನಾನೂ ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಅವಳು ತಮಾಷೆಗೆ ಅಂದಿರಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ರೋಗಗಳು ಪಾಲಾದವು. ಆಯಿ ಪಾಲು ಹಂಚಿದಳು. ಮೊಣಕಾಲು ಮನೆಯ ಬ್ಯಾನಿ, ಅದು ವಾಯು, ಅದರ ಮದ್ದು ತನ್ನ ಕೈಯಲ್ಲಿ. ಸಕ್ಕರೆ ದವಾಖಾನೆಯ ಬ್ಯಾನಿ, ಅದರ ಗುಳಿಗೆ ಡಾಕ್ಟರ ಕೈಯಲ್ಲಿ. ಇದರ ಸುದ್ದಿ ಅದಕ್ಕೆ ಹೇಳುವ ಹಾಗಿಲ್ಲ. ವಾಯುವಿಗೆಂದು ಬದನೆಕಾಯಿ ಬಂದ್, ಬಟಾಟಿ ಬಂದ್, ಔಡಲ ಎಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆ ಮೊಣಕಾಲಿಗೆ. ಸಕ್ಕರೆಗೆಂದು ಸಕ್ಕರೆ ಬಂದ್. ಬಿಳಿ ಸಕ್ಕರೆಯ ಡಬ್ಬಿಯನ್ನು ಆಯಿ ಮಂಚದ ಕೆಳಗೆ ಸೇರಿಸಿದಳು. ಆದರೆ ಹಳಿಯಾಳದ ಕಡೆಯ ಹಳ್ಳಿಯಿಂದ ಕಾಕಾ ಕಳಿಸಿದ ಬೆಲ್ಲದ ಪೆಂಟಿ ನಾಗೊಂದಿಗೆಯ ಮೇಲೆ ಹಾಗೇ ಕೂತಿತ್ತು. ಅವ್ವ ಮೂರು ಹೊತ್ತು ಬೆಲ್ಲದ ಚಹಾ ಕುಡಿದಳು. ‘ಡಾಕ್ಟರ ಸಕ್ಕರಿ ಬ್ಯಾಡ ಅಂದಾನ, ಬೆಲ್ಲ ಬ್ಯಾಡ ಅಂದಾನೇನ? ಬೆಲ್ಲ ಗಟ್ಟಿ ಮಾಡ್ತೈತಿ, ಎಲುಬಿಗೆ ಛಲೋ’ ಎಂದಳು ಆಯಿ. ಮೊಣಕಾಲು ಗಟ್ಟಿಯಾಗಲೆಂದು ಹುಗ್ಗಿಗೆ ಬೆಲ್ಲ ಒಂದು ಹಿಡಿ ಜಾಸ್ತಿ ಬಿತ್ತು. ಹೆಸರೇ ಸಕ್ಕರೆ ಕಾಯಿಲೆ ಅಂದ ಮೇಲೆ ಬೆಲ್ಲವನ್ನು ಯಾರು ಅನುಮಾನಿಸುತ್ತಾರೆ? ನಾನಂತೂ ಅನುಮಾನಿಸಲಿಲ್ಲ. ಚಹಾ ಮಾಡುತ್ತಿದ್ದವಳೇ ನಾನು.

ಚಾಳಿನ ಪಾಯಖಾನೆ ಸಾಲಿನ ತುದಿಯಲ್ಲಿತ್ತು, ನಮ್ಮ ಮನೆ ಈ ತುದಿಯಲ್ಲಿ. ಸಕ್ಕರೆ ಅವಳನ್ನು ಗಳಿಗೆಗೊಮ್ಮೆ ಎಬ್ಬಿಸುತ್ತಿತ್ತು, ಮೊಣಕಾಲು ಏಳಗೊಡುತ್ತಿರಲಿಲ್ಲ. ಹೇಗೋ ಹೋದರೂ ಅಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಎಷ್ಟೋ ಸಲ ಒಳಗಿನಿಂದ ಬಾಗಿಲು ಬಡಿದು ನನ್ನನ್ನು ಕರೆದಿದ್ದಾಳೆ, ಎಬ್ಬಿಸಲು. ಹೊರಗೆ ಸಾಲು ನಿಂತ ಹೆಂಗಸರ ಮುಂದೆ ಅವಳನ್ನು ಹಿಡಿದು ತರುವಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು, ಹೇಳಿಬಿಡುತ್ತೇನೆ, ನನ್ನ ಅವ್ವನ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು. ಅದು ಅವಳಿಗೆ ತಿಳಿಯಿತೋ ಏನೋ, ನೀರು ಕುಡಿಯುವುದನ್ನೇ ಬಿಟ್ಟಳು. ಒಣಗಿದ ತುಟಿ ಸವರಿಕೊಳ್ಳುತ್ತ ಕೂರುತ್ತಿದ್ದಳು. ನೋವು ತಡೆಯದೆ ಬಜಾರದಿಂದ ಕೆಂಪು ಗುಳಿಗೆ ತರಿಸಿ ನುಂಗುತ್ತಿದ್ದಳು, ಮೊದಲು ಒಂದು, ಆಮೇಲೆ ಎರಡು ಹೊತ್ತು. ಮುಖ ಬಾತಿತು. ಮುಂದಿನ ಸಲ ಡಾಕ್ಟರು ಕೈಗೆ ಪಟ್ಟಿ ಸುತ್ತಿ, ರಕ್ತದ ಒತ್ತಡ ಏರಿದೆ, ಬೇರೆ ಏನಾದರೂ ಗುಳಿಗೆ ತಗೋತೀರಾ ಎಂದು ಕೇಳಿದರು. ಅವ್ವ ಇಲ್ಲ ಎಂದಳು. ಸುಳ್ಳು ಹೇಳಬೇಕೆಂದಲ್ಲ. ಕೆಂಪು ಗುಳಿಗೆ ಮೊಣಕಾಲಿನದು, ಮನೆಯ ಬ್ಯಾನಿಯದು. ದವಾಖಾನೆಯಲ್ಲಿ ಅದರ ಸುದ್ದಿ ಯಾಕೆ?

ಆಮೇಲೆ ಪಾದದಲ್ಲಿ ಇರುವೆ ಹರಿದಂತಾಗುತ್ತದೆ ಎನ್ನತೊಡಗಿದಳು. ಇರುವೆ ಹೋಗಿ ಜೋಮು ಬಂತು. ಒಂದು ಮಧ್ಯಾಹ್ನ ಹಿತ್ತಲಿನಿಂದ ಒಳಗೆ ಬಂದವಳ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೋ ಅವಳಿಗೆ ಗೊತ್ತೇ ಆಗಿರಲಿಲ್ಲ. ಆಯಿಗೆ ಹೇಳಿದಾಗ ಆಯಿಯ ಮುಖ ಅರಳಿತು.

‘ಇಳೀತು ನೋಡ! ವಾಯು ಮಣಕಾಲ ಬಿಟ್ಟು ಪಾದಕ್ಕ ಇಳದೈತಿ. ಇನ್ನ ಬೆರಳಾಗ ಹಾದು ಹೊರಗ ಹೋಗೂದೊಂದ ಬಾಕಿ. ಇನ್ನ ಮ್ಯಾಲ ಅಂಗಾಲ ಕಾಸವಾ ಕೂಸ, ಜೋರಲೆ ಕಾಸು.’

ನಾವು ನಂಬಿದೆವು. ಸಂತೋಷವನ್ನೂ ಪಟ್ಟೆವು. ಅಪ್ಪ ಪಾಳಿ ಮುಗಿಸಿ ಬಂದು ಅವ್ವನ ಪಾದ ಮುಟ್ಟಿ ‘ಗೊತ್ತಾಕ್ಕೈತೇನ?’ ಎಂದು ಕೇಳುವುದು, ಅವಳು ‘ಇಲ್ರಿ’ ಎನ್ನುವುದು, ಅವನು ‘ಛಲೋ ಆತು’ ಎನ್ನುವುದು. ಇಡೀ ಮನೆ ಅವ್ವನ ಪಾದ ಸಾಯುವುದನ್ನು ನೋಡುತ್ತ ಖುಷಿಪಡುತ್ತಿತ್ತು.

ಆ ದಿನ ಶನಿವಾರ, ಬೆಳಗಿನ ಶಾಲೆ. ಮನೆಗೆ ಬಂದು ಉಂಡ ಕೂಡಲೇ ಒಲೆ ಮುಂದೆ ಕೂತೆ. ಇಟ್ಟಿಗೆ ಎಂದಿಗಿಂತ ಹೆಚ್ಚು ಹೊತ್ತು ಕೆಂಡದಲ್ಲಿತ್ತು, ಜೋರಾಗಿ ಕಾಸು ಎಂದು ಆಯಿ ಹೇಳಿದ್ದಳಲ್ಲ. ಬಟ್ಟೆ ಸುತ್ತಿ ಅವ್ವನ ಎಡ ಅಂಗಾಲಿಗೆ ಒತ್ತಿ ಹಿಡಿದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

‘ಬಿಸಿ ಹತ್ತಿತೇನ ಅವ್ವಾ?’

‘ಇಲ್ಲವಾ. ಇನ್ನಷ್ಟು ಹಿಡಿ.’

‘ಈಗ?’

‘ಊಂಹೂಂ. ಹಿಡಿ, ನಾ ಹೇಳ್ತೇನಿ.’

ನಾನು ಹಿಡಿದೆ. ನನ್ನ ಬೆರಳು ಚುರುಗುಟ್ಟಿತು, ಬಟ್ಟೆಯ ಇನ್ನೊಂದು ಪದರು ಸುತ್ತಿ ನನ್ನ ಕೈ ಉಳಿಸಿಕೊಂಡೆ. ಅವ್ವ ‘ಸಾಕು’ ಅನ್ನಲಿಲ್ಲ. ಅವಳು ಅನ್ನುವ ತನಕ ತೆಗೆಯಬಾರದು. ಕಾಯುತ್ತ ಕೂತೆ, ಮಗ್ಗಿ ಹೇಳಿಕೊಳ್ಳುತ್ತ. ಹದಿಮೂರರ ಮಗ್ಗಿ ಎರಡು ಸಲ ಆಯಿತು. ಆಮೇಲೆ ಒಂದು ವಾಸನೆ ಬಂತು. ಒಲೆಯಲ್ಲಿ ಏನೋ ಸೀದಿರಬೇಕು ಎಂದು ನಾನು ಒಲೆಯ ಕಡೆ ತಿರುಗಿ ನೋಡಿದೆ.

ಅಂಗಾಲ ತುಂಬ ಬೊಬ್ಬೆ ಎದ್ದಿತು. ಮೂರನೆಯ ದಿನಕ್ಕೆ ಒಡೆಯಿತು. ಅವ್ವ ಅರಿಶಿನ ಎಣ್ಣೆ ಹಚ್ಚಿ ಅದೇ ಕಾಲಲ್ಲಿ ಅಡುಗೆ ಮಾಡಿದಳು. ನೋವಿಲ್ಲವಲ್ಲ, ಮಾಯುತ್ತದೆ ಎಂದಳು. ಮಾಯಲಿಲ್ಲ. ಒಂದು ವಾರ ಕಳೆದು ರೋಜಾಬಾಯಿ ಬಂದಳು. ರೋಜಾಬಾಯಿ ಜೋಯಿಡಾ ಕಡೆಯ ಸಿದ್ದಿ ಹೆಂಗಸು, ನಮ್ಮ ಚಾಳಿನಲ್ಲೇ ಮೂರು ಮನೆ ಆಚೆ ಇದ್ದಳು. ದವಾಖಾನೆಯಲ್ಲಿ ಆಯಾ ಆಗಿ ಗಾಯ ತೊಳೆದು ಪಟ್ಟಿ ಕಟ್ಟುವವಳು. ಗಂಡಸಿನಂಥ ದನಿ, ಯಾರ ಮುಲಾಜೂ ಇಲ್ಲ. ಮೊಸರಿಗೆ ಹೆಪ್ಪು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. ಹೆಪ್ಪಿನ ಬಟ್ಟಲು ಅಲ್ಲೇ ಇಟ್ಟು, ಕೇಳದೆ ಕೂತು, ಅವ್ವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

‘ಯಾರ ಸುಟ್ಟಿದ್ದು ಇದನ್ನ?’

‘ಸುಟ್ಟಿಲ್ಲ ರೋಜಾ, ಕಾಸೇತಿ ಕೂಸು. ಮಣಕಾಲ ವಾಯುಕ್ಕ.’

‘ಸಕ್ಕರಿ ಇದ್ದವರ ಕಾಲ ಕಾಸ್ತಾರೇನ ಅಕ್ಕಾ?’

ಆಯಿ ಮಂಚದ ಮೇಲಿಂದ ಕೂಗಿದಳು. ‘ಸಕ್ಕರಿ ಬ್ಯಾರೆ, ಮಣಕಾಲ ಬ್ಯಾರೆ!’

‘ಬ್ಯಾರೆ ಅಂತ ಯಾರ ಹೇಳಿದ್ರು ನಿನಗ, ಮುದಕಿ? ಎರಡೂ ಒಂದ ಕಾಲಾಗ ಅದಾವಲ್ಲ!’

ಈ ಮಾತನ್ನು ಆಮೇಲೆ ನಾನು ದೊಡ್ಡ ದೊಡ್ಡ ಡಾಕ್ಟರುಗಳಿಂದ ಉದ್ದುದ್ದ ಮಾತಿನಲ್ಲಿ ಕೇಳಿದ್ದೇನೆ. ರೋಜಾಬಾಯಿ ಹೇಳಿದಷ್ಟು ಸರಳವಾಗಿ ಯಾರೂ ಹೇಳಲಿಲ್ಲ. ಆ ಸಂಜೆಯೇ ಅವಳೂ ಅಪ್ಪನೂ ಸೇರಿ ಅವ್ವನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಿದರು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವ್ವ ಅತ್ತಳು. ಅಂಗಾಲ ಗಾಯಕ್ಕಲ್ಲ, ಅದು ನೋಯುತ್ತಿರಲಿಲ್ಲ. ಮೊಣಕಾಲಿಗೆ.

ಇಪ್ಪತ್ತು ದಿನ ನಾನು ಆಯಿಯ ಜೊತೆ ಒಬ್ಬಳೇ ಇದ್ದೆ. ಆಯಿ ಊಟ ಬಿಟ್ಟಳು, ಜಪ ಹಿಡಿದಳು. ತನ್ನ ಶಾಸ್ತ್ರ ತಪ್ಪಿತು ಎಂದು ಒಪ್ಪಿಕೊಂಡರೆ ಅವಳು ಅಲ್ಲೇ ಸತ್ತುಹೋಗುತ್ತಿದ್ದಳೋ ಏನೋ. ಅದಕ್ಕೇ ಬೇರೆ ದಾರಿ ಹುಡುಕಿಕೊಂಡಳು. ಕಾಲಿದ್ದ ಮೇಲೆ ಸುಟ್ಟದ್ದು ಗೊತ್ತಾಗದೆ ಇರುವುದಿಲ್ಲ ಎಂದು ಗಟ್ಟಿಯಾಗಿ ನಂಬಿದಳು. ಒಂದು ದಿನ ನನ್ನನ್ನು ಹತ್ತಿರ ಕರೆದು, ತಲೆ ನೇವರಿಸುತ್ತಲೇ ಅಂದಳು:

‘ನಿಮ್ಮವ್ವಗ ಗೊತ್ತಾಗೇತಿ ಕೂಸ. ಗೊತ್ತಾಗಿ ತಡಕೊಂಡಾಳ. ಮಗಳು ಹುರುಪಿಲೆ ಕಾಸಾಕತ್ತೇತಿ, ಬ್ಯಾಡ ಅಂದ್ರ ಬ್ಯಾಸರಾದೀತು ಅಂತ ಹಲ್ಲ ಕಚ್ಚಿ ತಡಕೊಂಡಾಳ.’

ಆಯಿ ಇದನ್ನು ದ್ವೇಷದಿಂದ ಹೇಳಲಿಲ್ಲ, ಸೊಸೆಯ ಗುಣ ಹೊಗಳುವಂತೆ ಹೇಳಿದಳು. ಆದರೆ ಹನ್ನೊಂದು ವರ್ಷದ ನನ್ನೊಳಗೆ ಅದು ಮುಳ್ಳಿನಂತೆ ಮುರಿದು ಕೂತಿತು.

ಅವ್ವ ಬಂದಳು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ‘ಮಣಕಾಲ ಉಳಿಸೇವಿ ಅಂತ ಡಾಕ್ಟರ ಹೇಳಿದ್ರು, ಅದು ಉಳದದ್ದ ಪುಣ್ಯ ಅಂತ’ ಎಂದು ಅಪ್ಪ ಹೇಳಿದ. ಅವ್ವ ಆ ತುಂಡು ಕಾಲು ನೋಡಿ ನಕ್ಕಳು. ‘ಯಾವುದು ಬ್ಯಾಡ ಬ್ಯಾಡ ಅಂದಿದ್ನೋ ಅದ ಉಳೀತು ನೋಡ್ರಿ.’ ಆಯಿ ಸೆರಗು ಬಾಯಿಗೆ ತುರುಕಿಕೊಂಡಳು. ಬೆಲ್ಲದ ಪೆಂಟಿಯನ್ನು ಅಪ್ಪ ತೆಗೆದುಕೊಂಡು ಹೋಗಿ ಕಾಳಿ ನದಿಗೆ ಹಾಕಿ ಬಂದ. ಇಟ್ಟಿಗೆಯನ್ನು ನಾನು ಆಗಲೇ ಹಿತ್ತಲಲ್ಲಿ ಹೂತಿದ್ದೆ.

ನಾನು ಅವಳ ಪಕ್ಕ ಹೋಗಿ ಕೂರಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅವಳೇ ಕರೆದಳು.

‘ನೀ ಏನೂ ಮಾಡಿಲ್ಲ ಕೂಸ. ನನಗ ನೋವಾಗ್ಲಿಲ್ಲ. ಏನಂದ್ರ ಏನೂ ಆಗ್ಲಿಲ್ಲ.’

‘ಖರೇನ ಅವ್ವಾ?’

‘ನಿನ್ನ ಆಣಿ.’

ನಂಬಬೇಕೆಂದೇ ಇದ್ದೆ. ಆದರೆ ಅವಳು ನನ್ನನ್ನು ಪೂರ್ತಿ ಗುಣ ಮಾಡಲು ಹೋಗಿ ಕೆಡಿಸಿಬಿಟ್ಟಳು. ಈಗ ಇಡೀ ಮೈಭಾರ ಬಲಗಾಲಿನ ಮೇಲೆ. ಆ ಮೊಣಕಾಲು ಊದಿಕೊಂಡು ಕುಂಬಳಕಾಯಿಯಾಯಿತು. ಒಂದು ಸಂಜೆ ‘ಇಟ್ಟಂಗಿ ಎಲ್ಲೈತಿ? ತಗೊಂಡು ಬಾ’ ಎಂದಳು. ನಾನು ಬೇಡವೇ ಬೇಡ ಎಂದು ಅತ್ತೆ, ನೆಲಕ್ಕೆ ಬಿದ್ದು ಹೊರಳಿದೆ. ಬಿಡಲಿಲ್ಲ. ‘ಮಣಕಾಲಿಗೆ ಗೊತ್ತಾಕ್ಕೈತವಾ, ಪಾದಕ್ಕ ಹಿಡೀಬ್ಯಾಡ ಅಷ್ಟ. ನೀನ ಕಾಸಬೇಕು, ಬ್ಯಾರೇದವರು ಬ್ಯಾಡ’ ಎಂದಳು. ಹೂತದ್ದನ್ನು ಅಗೆದು ತಂದೆ. ಕೆಂಡಕ್ಕೆ ತೋರಿಸಿದಂತೆ ಮಾಡಿ, ಬಟ್ಟೆ ಸುತ್ತಿ, ಮೊದಲು ನನ್ನ ಕೆನ್ನೆಗೆ ಹಿಡಿದು ನೋಡಿ, ಆಮೇಲೆ ಅವಳ ಮೊಣಕಾಲಿನ ಹತ್ತಿರ ಒಯ್ದೆ. ಇಟ್ಟಿಗೆ ಇನ್ನೂ ಮುಟ್ಟಿರಲಿಲ್ಲ. ಅವ್ವ ‘ಸಾಕು!’ ಎಂದಳು. ಮರುದಿನವೂ ಹಾಗೇ. ಎಷ್ಟೇ ತಣ್ಣಗಿರಲಿ, ಮುಟ್ಟುವುದಕ್ಕೆ ಮೊದಲೇ ‘ಸಾಕು, ಸಾಕು, ಆರಾಮ ಆತು ನೋಡು’. ನನ್ನ ಸಲುವಾಗಿ ಆಡಿದ ಸುಳ್ಳು ಅದು, ನನಗೆ ಗೊತ್ತಾಗುತ್ತಿತ್ತು. ನನ್ನ ಸಲುವಾಗಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ಅಂದೂ ಯಾಕೆ ಹೇಳಿರಬಾರದು? ನನ್ನ ಸಲುವಾಗಿ ಹಲ್ಲು ಕಚ್ಚಿ ಯಾಕೆ ಕೂತಿರಬಾರದು? ಅವ್ವ ಮತ್ತೆ ನಾಲ್ಕು ವರ್ಷ ಬದುಕಿದಳು, ಕೊನೆಗೆ ಕಿಡ್ನಿ ಕೈಕೊಟ್ಟವು. ಆ ನಾಲ್ಕೂ ವರ್ಷ ಈ ಪ್ರಶ್ನೆ ನನ್ನ ಬಾಯಲ್ಲಿತ್ತು. ಕೇಳಿದರೆ ಮತ್ತೆ ಆಣೆ ಹಾಕುತ್ತಾಳೆ ಎಂದು ಕೇಳಲಿಲ್ಲ.

ಆಯಿ ಹೋದಳು, ಅಪ್ಪ ಹೋದ. ನಾನು ಹಳಿಯಾಳ ತಾಲೂಕಿನ ಶಾಲೆಗಳಲ್ಲಿ ಕಲಿಸಿ, ನಿವೃತ್ತಳಾಗಿ, ಮತ್ತೆ ದಾಂಡೇಲಿಗೇ ಬಂದು ಕೂತಿದ್ದೇನೆ. ಅವ್ವ ನನಗೆ ಬಂಗಾರ ಬಿಟ್ಟು ಹೋಗಲಿಲ್ಲ, ಮೊಣಕಾಲು ಬಿಟ್ಟು ಹೋದಳು. ಅದರ ಬೆನ್ನಿಗೆ ಸಕ್ಕರೆ, ಅದರ ಬೆನ್ನಿಗೆ ರಕ್ತದ ಒತ್ತಡ. ಮೂರಕ್ಕೂ ಮೂರು ಬಗೆಯ ಗುಳಿಗೆ; ಈ ಮೂರೂ ಒಂದೇ ಕಾಲಲ್ಲಿವೆ ಎಂಬುದನ್ನು ನಾನು ಒಂದು ದಿನವೂ ಮರೆತಿಲ್ಲ. ಬೆಲ್ಲ ಮುಟ್ಟಿಲ್ಲ, ಅಂಗಡಿಯ ಗುಳಿಗೆ ನುಂಗಿಲ್ಲ, ಕಾಲು ಕಾಸಿಕೊಂಡಿಲ್ಲ. ಆದರೂ ಬಂತು. ಎಲ್ಲ ನೇಮವಾಗಿ ಮಾಡಿದವಳಿಗೂ ಬಂತು ಎಂಬುದೇ ನನ್ನನ್ನು ಕುಗ್ಗಿಸಿದೆ. ಈಗ ಮನೆಯೊಳಗೆ ಕೋಲು ಬೇಕು.

ಕಳೆದ ವಾರ ಮೊಣಕಾಲು ಬದಲಿಸುವ ಆಪರೇಶನ್ನಿನ ಮಾತಿಗೆಂದು ಧಾರವಾಡಕ್ಕೆ ಹೋಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನನ್ನ ವಿದ್ಯಾರ್ಥಿನಿಯರಂಥವಳು. ಕಾಗದ ನೋಡಿ, ಸಕ್ಕರೆ ಇನ್ನೂ ಇಳಿಯಬೇಕು, ಅಲ್ಲಿಯ ತನಕ ಮೊಣಕಾಲು ಮುಟ್ಟುವಂತಿಲ್ಲ, ಮುಟ್ಟಿದರೆ ಗಾಯ ಮಾಯುವುದಿಲ್ಲ ಎಂದಳು. ‘ನಡದ್ರ ಇಳೀತೈತ್ರಿ’ ಎಂದಳು. ನನಗೆ ನಗು ಬಂತು. ಹುಚ್ಚು, ಮದುವೆ ಎರಡೂ ಹಾಗೇ ಇದ್ದವು. ಆಮೇಲೆ ಅವಳು ಒಂದು ಸಣ್ಣ ನೈಲಾನ್ ಎಳೆ ತೆಗೆದಳು, ಮೀನಿನ ಗಾಳದ ದಾರದಂಥದ್ದು.

‘ಅಮ್ಮಾರ, ಪಾದ ನೋಡ್ತೇನಿ. ಕಣ್ಣ ಮುಚ್ಚರಿ. ದಾರ ತಾಗಿದ ಕೂಡಲೆ ಹೂಂ ಅನ್ರಿ.’

ಮುಚ್ಚಿದೆ. ಬಲಗಾಲಿಗೆ ತಾಗಿತು. ಹೂಂ. ಹೆಬ್ಬೆರಳಿಗೆ, ಹೂಂ. ಹಿಮ್ಮಡಿಗೆ, ಹೂಂ. ಶಾಲೆಯ ಹಾಜರಿ ಕೂಗಿದಂತೆ ಚೊಕ್ಕಟವಾಗಿ ಹೇಳಿದೆ. ಆಮೇಲೆ ಅವಳು ಸುಮ್ಮನಾದಳು. ಎಡಗಾಲಿಗೆ ಬರುತ್ತಾಳೆಂದು ಕಾದೆ. ಕುರ್ಚಿ ಸರಿದ ಸದ್ದಾಯಿತು, ಪೆನ್ನಿನ ಸದ್ದಾಯಿತು. ಇನ್ನೂ ಕಾದೆ.

‘ಎಡಗಾಲ ಯಾವಾಗ ನೋಡ್ತೀಯವಾ?’

‘ನೋಡಿದ್ನಿರಿ ಅಮ್ಮಾರ. ಹತ್ತು ಕಡೆ ಮುಟ್ಟಿದೆ.’

ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣೊಳಗೆ ಆ ಶನಿವಾರದ ಅಡುಗೆಮನೆ ಬಂತು, ಗೋಡೆಗೆ ಒರಗಿದ ಅವ್ವನ ಮುಖ ಬಂತು. ಐವತ್ತು ವರ್ಷ ಆ ಮುಖದಲ್ಲಿ ನಾನು ಹಲ್ಲು ಕಚ್ಚಿದ ಗುರುತು ಹುಡುಕಿದ್ದೆ. ಇರಲಿಲ್ಲ. ಅವ್ವ ಸುಮ್ಮನೆ ಕಣ್ಣು ಮುಚ್ಚಿ ಬಿಸಿಗಾಗಿ ಕಾಯುತ್ತಿದ್ದಳು, ಈಗ ನಾನು ದಾರಕ್ಕಾಗಿ ಕಾದ ಹಾಗೆ. ಅವಳು ಹಾಕಿದ ಆಣೆ ಖರೆ ಆಣೆ. ಅದನ್ನು ತಿಳಿಯಲು ನನ್ನ ಕಾಲೇ ಹೋಗಬೇಕಾಯಿತು. ನನಗೆ ಅಳು ತಡೆಯಲಾಗಲಿಲ್ಲ, ಆ ಹುಡುಗಿ ಗಾಬರಿಯಾಗಿ ನನ್ನ ಪಾದ ಹಿಡಿದುಕೊಂಡಳಂತೆ. ಹಿಡಿದದ್ದೂ ನನಗೆ ಗೊತ್ತಾಗಲಿಲ್ಲ.

‘ಯಾಕ್ರಿ ಅಮ್ಮಾರ? ನೋವಾತೇನ್ರಿ?’

‘ಇಲ್ಲವಾ,’ ಎಂದೆ. ‘ಏನಂದ್ರ ಏನೂ ಆಗ್ಲಿಲ್ಲ.’